ಒಂದೇ ಸೀಮೆಯ ಎರಡು ಮನೆತನಗಳು

ಗುರುವಾರ: ಅಲೆಕ್ಸಾಂಡ್ರಿಯ

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಜನರಲ್ಲಿ ಒಡಹುಟ್ಟಿದವರು ಒಂದೇ ಜೋಡಿ: ರಿಚರ್ಡ್ ಹೆನ್ರಿ ಲೀ ಮತ್ತು ಫ್ರಾನ್ಸಿಸ್ ಲೈಟ್‌ಫುಟ್ ಲೀ. ಈ ಅಣ್ಣತಮ್ಮಂದಿರು ಬೆಳೆದ ಮನೆಯಲ್ಲಿಯೇ 1807ರಲ್ಲಿ ರಾಬರ್ಟ್ ಇ. ಲೀ ಹುಟ್ಟಿದ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಅಮೆರಿಕದಿಂದ ಸಿಡಿದುಹೋದ ದಕ್ಷಿಣ ರಾಜ್ಯಗಳ ಸೇನೆಯನ್ನು ನಡೆಸಿದವನು ಅವನೇ. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುವಾಗ ಆ ಅಣ್ಣತಮ್ಮಂದಿರ ಬಗ್ಗೆ, ಇವನ ಬಗ್ಗೆ ಬೇರೆ ಬೇರೆ ಅಧ್ಯಾಯಗಳಲ್ಲಿ ಒಂದೊಂದು ಸಾಲು ಹೇಳಿ ಮುಂದೆ ಹೋಗುತ್ತಿದ್ದೆ. ಒಂದೇ ಸೂರಿನಡಿ ಸ್ವಾತಂತ್ರ್ಯದ ಕೂಗು, ಗುಲಾಮಗಿರಿಯ ಕಾವಲು ಎರಡೂ ಹೇಗೆ ಹುಟ್ಟಿದವು ಎಂಬ ಪ್ರಶ್ನೆ ಮಾತ್ರ ಉಳಿದೇ ಇತ್ತು. ವರ್ಜೀನಿಯಾದಲ್ಲಿ ನೆಲೆಸಿರುವ ತಂಗಿಯ ಮನೆಗೆ ಅಕ್ಟೋಬರ್‌ನಲ್ಲಿ ಹೋದಾಗ ಅವಳ ಮಗಳು, "ದೊಡ್ಡಮ್ಮ, ನಯಾಗರಾ ಮುಂದಿನ ಸಲ ನೋಡಿದರಾಯಿತು. ನಿಮ್ಮ ಲೀ ಮನೆತನದ ಊರುಗಳನ್ನು ಸುತ್ತಿ ಬರೋಣ" ಎಂದು ಕಾರು ತೆಗೆದಳು.

ಅಲೆಕ್ಸಾಂಡ್ರಿಯ ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡಿರುವ ಹಳೆಯ ಬಂದರು. ಕೆಂಪು ಇಟ್ಟಿಗೆಯ ಕಾಲುದಾರಿ, ಸಾಲುಮನೆಗಳು. ಒರೊನೊಕೊ ಬೀದಿಯ ಮೂಲೆಯಲ್ಲಿ ಲೀ-ಫೆಂಡಾಲ್ ಮನೆಯಿದೆ. 1785ರಲ್ಲಿ ಇದನ್ನು ಕಟ್ಟಿಸಿದ ಫಿಲಿಪ್ ರಿಚರ್ಡ್ ಫೆಂಡಾಲ್ ಒಬ್ಬರ ನಂತರ ಒಬ್ಬರಂತೆ ಲೀ ಮನೆತನದ ಮೂವರು ಹೆಂಗಸರನ್ನು ಮದುವೆಯಾದ. ಈ ಮನೆತನಗಳೆಲ್ಲ ಹೀಗೆಯೇ ಸೋದರಸಂಬಂಧಗಳಲ್ಲಿ ಹೆಣೆದುಕೊಂಡಿದ್ದವು. ಹೆಣ್ಣು ಕೊಟ್ಟು ತರುವುದೆಂದರೆ ಭೂಮಿ ಮತ್ತು ಗುಲಾಮರನ್ನು ಕೈಬಿಡದೆ ಒಳಗೊಳಗೇ ಉಳಿಸಿಕೊಳ್ಳುವ ದಾರಿಯೂ ಆಗಿತ್ತು. 1903ರವರೆಗೆ ಆ ಮನೆ ಲೀ ಕುಟುಂಬದವರ ಕೈಯಲ್ಲಿತ್ತು. ಎದುರುಬದಿಗೆ ರಾಬರ್ಟ್ ಲೀ ಬಾಲ್ಯ ಕಳೆದ ಮನೆಯಿದೆ. ಅದು ಈಗ ಖಾಸಗಿ ಸ್ವತ್ತಾದ್ದರಿಂದ ಹೊರಗಿನಿಂದಲೇ ನೋಡಿದೆವು.

ಮಧ್ಯಾಹ್ನ ಡ್ಯೂಕ್ ಬೀದಿಗೆ ಹೋದೆವು. ಅಲ್ಲಿನ ಮೂರು ಅಂತಸ್ತಿನ ಕಟ್ಟಡ 1828ರಿಂದ 1836ರವರೆಗೆ ಫ್ರಾಂಕ್ಲಿನ್ ಮತ್ತು ಆರ್ಮ್‌ಫೀಲ್ಡ್ ಎಂಬ ಪಾಲುದಾರರ ಗುಲಾಮರ ವ್ಯಾಪಾರದ ಕಚೇರಿಯಾಗಿತ್ತು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಜನರನ್ನು ಕೊಂಡು, ಹಿತ್ತಿಲಿನ ಗೋಡೆಗಳ ನಡುವೆ ಕೂಡಿಹಾಕಿ, ಹಡಗಿನಲ್ಲೋ ಕಾಲ್ನಡಿಗೆಯಲ್ಲೋ ನ್ಯೂ ಆರ್ಲಿಯನ್ಸ್ ಮತ್ತು ನ್ಯಾಚಿಸ್‌ನ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಹೀಗೆ ಹೋದವರು ಸಾವಿರಾರು ಮಂದಿ. ಈಗ ನಗರಾಡಳಿತ ಇಲ್ಲಿ ಫ್ರೀಡಂ ಹೌಸ್ ಎಂಬ ವಸ್ತುಸಂಗ್ರಹಾಲಯ ನಡೆಸುತ್ತಿದೆ. ಲೀ ಮನೆಯಿಂದ ಇಲ್ಲಿಗೆ ನಡೆದೇ ಬರಬಹುದು. ಆ ಮನೆಯನ್ನು ನೋಡುವವರು ಇದನ್ನೂ ನೋಡಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಶುಕ್ರವಾರ: ಸ್ಟ್ರಾಟ್‌ಫರ್ಡ್ ಹಾಲ್

ಫ್ರೆಡೆರಿಕ್ಸ್‌ಬರ್ಗ್ ದಾಟಿ ಪೂರ್ವಕ್ಕೆ ಹೊರಳಿದರೆ ಹೆದ್ದಾರಿಯ ಗದ್ದಲ ಕರಗಿಹೋಗುತ್ತದೆ. ಪೊಟೋಮ್ಯಾಕ್ ಮತ್ತು ರಾಪಹ್ಯಾನಕ್ ನದಿಗಳ ನಡುವೆ ಸಮುದ್ರದ ಕಡೆಗೆ ಚಾಚಿಕೊಂಡಿರುವ ಉದ್ದನೆಯ ನೆಲಪಟ್ಟಿಗೆ ನಾರ್ದರ್ನ್ ನೆಕ್ ಎಂದು ಹೆಸರು. ಹಳದಿಗೆ ತಿರುಗಿದ ಸೋಯಾ ಹೊಲಗಳು, ಕಟಾವು ಮುಗಿದ ಜೋಳದ ಕೂಳೆ, ಅಲ್ಲೊಂದು ಇಲ್ಲೊಂದು ಬಿಳಿ ಚರ್ಚು. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ಪೋಪ್ಸ್ ಕ್ರೀಕ್ ಕೂಡ ಇದೇ ದಾರಿಯಲ್ಲಿದೆ.

ಈ ಮನೆತನದ ಮೂಲಪುರುಷ ಮೊದಲನೆಯ ರಿಚರ್ಡ್ ಲೀ ಇಂಗ್ಲೆಂಡಿನಿಂದ 1640ರ ಹೊತ್ತಿಗೆ ವರ್ಜೀನಿಯಾಕ್ಕೆ ಬಂದವನು. ಆಗಿನ ಕಾನೂನಿನ ಪ್ರಕಾರ ಹಡಗಿನ ಖರ್ಚು ಕೊಟ್ಟು ಒಬ್ಬ ವ್ಯಕ್ತಿಯನ್ನು ವಸಾಹತಿಗೆ ಕರೆತಂದರೆ ತಲೆಗೆ 50 ಎಕರೆ ಭೂಮಿ ಸಿಗುತ್ತಿತ್ತು. ಕರಾರಿನ ಕೂಲಿಗಳನ್ನು ತಂದರೂ ಭೂಮಿ, ಆಫ್ರಿಕದಿಂದ ಹಿಡಿದು ತಂದವರನ್ನು ಕೊಂಡರೂ ಭೂಮಿ. ತಂದವನಿಗೆ ದುಡಿಯುವ ಕೈಯೂ ನೆಲವೂ ಒಟ್ಟಿಗೇ ದಕ್ಕಿದವು. ದುಡಿಯಲು ಬಂದವನಿಗೆ ಬರಿಗೈ. ಬೆಳೆಯುತ್ತಿದ್ದದ್ದು ಹೊಗೆಸೊಪ್ಪು. ಅದು ಕೆಲವೇ ವರ್ಷಗಳಲ್ಲಿ ನೆಲದ ಸಾರ ಹೀರುವುದರಿಂದ ಹೊಸ ಹೊಸ ಭೂಮಿ ಬೇಕೇ ಬೇಕಿತ್ತು. ಒಣಗಿಸಿದ ಎಲೆಯನ್ನು ಸಾವಿರ ಪೌಂಡ್ ಹಿಡಿಯುವ ಮರದ ಪೀಪಾಯಿಗಳಲ್ಲಿ ತುರುಕಿ, ನದಿದಂಡೆಗೆ ಉರುಳಿಸಿ, ಲಂಡನ್ನಿನ ಹಡಗು ಹತ್ತಿಸುತ್ತಿದ್ದರು. ಈ ಮನೆತನಗಳು ನದಿಯಂಚಿನಲ್ಲಿಯೇ ಮನೆ ಕಟ್ಟಿದ್ದಕ್ಕೆ ಕಾರಣ ಅದು.

ಸ್ಟ್ರಾಟ್‌ಫರ್ಡ್ ಕಟ್ಟಿಸಿದ್ದು ರಿಚರ್ಡನ ಮೊಮ್ಮಗ ಥಾಮಸ್ ಲೀ, 1730ರ ದಶಕದ ಕೊನೆಯಲ್ಲಿ. ನಾರ್ದರ್ನ್ ನೆಕ್‌ನ ಇಡೀ ಭೂಮಿಯನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ತನ್ನ ಬೆಂಬಲಿಗರಿಗೆ ಬರೆದುಕೊಟ್ಟಿದ್ದ. ಅದು ಮುಂದೆ ಫೇರ್‌ಫ್ಯಾಕ್ಸ್ ಕುಟುಂಬಕ್ಕೆ ಸೇರಿತು. ಒಡೆಯರು ಸಮುದ್ರದಾಚೆ ಇದ್ದರು. ಇಲ್ಲಿ ಯಾರಿಗೆ ಎಷ್ಟು ಭೂಮಿ ಎಂದು ಬರೆದುಕೊಡುವ ಅಧಿಕಾರ ಅವರ ಏಜೆಂಟನದು. ಜಹಗೀರುದಾರ ದೂರದಲ್ಲಿದ್ದಾಗ ಶಾನುಭೋಗನ ಲೇಖನಿಗೆ ಇದ್ದ ಬಲವನ್ನು ನೆನೆದರೆ ನಮ್ಮವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಥಾಮಸ್ ಲೀ ಕೆಲವು ವರ್ಷ ಆ ಕೆಲಸದಲ್ಲಿದ್ದು ಯಾವ ನೆಲ ಒಳ್ಳೆಯದು, ಯಾವುದು ಖಾಲಿ ಬಿದ್ದಿದೆ ಎಂಬುದನ್ನೆಲ್ಲ ಅರಿತುಕೊಂಡ. ಮುಂದೆ 1744ರಲ್ಲಿ ಇರೋಕ್ವಾ ಎಂಬ ಮೂಲನಿವಾಸಿ ಜನರೊಂದಿಗೆ ಲ್ಯಾಂಕಾಸ್ಟರ್ ಒಪ್ಪಂದ ಮಾಡಿಸಿದವರಲ್ಲಿ ಅವನೂ ಒಬ್ಬ. ಪಶ್ಚಿಮದ ಭೂಮಿಗಾಗಿ ಓಹಾಯೊ ಕಂಪನಿ ಹುಟ್ಟುಹಾಕಿದವರ ಮುಂಚೂಣಿಯಲ್ಲಿಯೂ ಅವನಿದ್ದ. 1750ರಲ್ಲಿ ಸಾಯುವಾಗ ವರ್ಜೀನಿಯಾದ ಹಂಗಾಮಿ ಗವರ್ನರ್ ಆಗಿದ್ದ.

ಮನೆ ಮರಗಳ ಸಾಲಿನ ಕೊನೆಯಲ್ಲಿ ಒಮ್ಮೆಲೇ ಎದುರಾಗುತ್ತದೆ. ಇಂಗ್ಲಿಷಿನ ಎಚ್ ಅಕ್ಷರದ ಆಕಾರ, ಎರಡು ಬದಿಗೂ ನಾಲ್ಕು ನಾಲ್ಕು ಹೊಗೆಗೂಡುಗಳ ಗುಂಪು. ಕೆಳ ಅಂತಸ್ತಿನ ಇಟ್ಟಿಗೆಗಳು ದಪ್ಪ, ಮೇಲಿನವು ಸಣ್ಣವು. ಕೆಳಗಿನ ಗೋಡೆಯಲ್ಲಿ ಬೆಂಕಿಯ ಕಾವಿಗೆ ಗಾಜುಗಟ್ಟಿದ ಬೂದುನೀಲಿ ಇಟ್ಟಿಗೆಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಿರುವುದರಿಂದ ಬಿಸಿಲಿನಲ್ಲಿ ಆ ಗೋಡೆ ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತದೆ. ಇಟ್ಟಿಗೆಗಳನ್ನು ಇಲ್ಲಿಯ ಮಣ್ಣಿನಲ್ಲಿಯೇ ಅಚ್ಚು ಹಾಕಿ ಸುಟ್ಟಿದ್ದಾರೆ. ನಾನು ಗೋಡೆಯ ಹತ್ತಿರ ಬಹಳ ಹೊತ್ತು ನಿಂತೆ. ಮಣ್ಣು ತುಳಿದವರು, ಗೂಡಿಗೆ ಕಟ್ಟಿಗೆ ಒಡ್ಡಿದವರು ಗುಲಾಮರು ಮತ್ತು ಕರಾರಿನ ಕೂಲಿಗಳು.

ಒಳಗೆ ನಡುಮನೆ 29 ಅಡಿ ಚೌಕ, 17 ಅಡಿ ಎತ್ತರ. ನಾಲ್ಕೂ ಗೋಡೆಗೆ ಮರದ ಹಲಗೆಯ ಹೊದಿಕೆ, ಕೆತ್ತಿದ ಚಪ್ಪಟೆ ಕಂಬಗಳು. ಎದುರುಬದುರು ಬಾಗಿಲು ತೆರೆದರೆ ಹೊಳೆಯ ಗಾಳಿ ಆರಪಾರ ಬೀಸುತ್ತದೆ. ಥಾಮಸ್ ಮತ್ತು ಹನ್ನಾ ಲಡ್‌ವೆಲ್ ದಂಪತಿಯ ಮಕ್ಕಳು ಇಲ್ಲಿ ಬೆಳೆದರು. ಹಿರಿಯ ಮಗ ಫಿಲಿಪ್‌ಗೆ ಮನೆ ಹೋಯಿತು. ರಿಚರ್ಡ್ ಹೆನ್ರಿ 1776ರ ಜೂನ್ 7ರಂದು ಫಿಲಡೆಲ್ಫಿಯಾದಲ್ಲಿ ವಸಾಹತುಗಳು ಸ್ವತಂತ್ರವಾಗಬೇಕೆಂಬ ನಿರ್ಣಯ ಮಂಡಿಸಿದ. ಫ್ರಾನ್ಸಿಸ್ ಅವನ ಜೊತೆ ಸಹಿ ಹಾಕಿದ. ವಿಲಿಯಂ ಲಂಡನ್ ನಗರದ ಆಲ್ಡರ್‌ಮನ್, ಎಂದರೆ ನಗರಸಭೆಯ ಹಿರಿಯ ಸದಸ್ಯ ಆದ. ಆರ್ಥರ್ ಬೆಂಜಮಿನ್ ಫ್ರಾಂಕ್ಲಿನ್ ಜೊತೆ ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದ. ನನಗೆ ಬಹಳ ಹಿಡಿಸಿದವಳು ಅಕ್ಕ ಹನ್ನಾ ಲೀ ಕಾರ್ಬಿನ್. ಚಿಕ್ಕ ವಯಸ್ಸಿಗೆ ವಿಧವೆಯಾದಳು. ಮರುಮದುವೆಯಾದರೆ ಆಸ್ತಿ ಕೈತಪ್ಪುವಂತೆ ಗಂಡನ ಉಯಿಲು ಇತ್ತು. ಅವಳು ತಾನು ಮೆಚ್ಚಿದ ವೈದ್ಯನೊಂದಿಗೆ ಮದುವೆಯಿಲ್ಲದೆಯೇ ಸಂಸಾರ ಮಾಡಿದಳು, ಸರ್ಕಾರಿ ಚರ್ಚು ಬಿಟ್ಟು ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದಳು. ಮತದ ಹಕ್ಕಿಲ್ಲದ ವಿಧವೆಯರು ತೆರಿಗೆ ಏಕೆ ಕಟ್ಟಬೇಕು ಎಂದು ತಮ್ಮನಿಗೆ ಕಾಗದ ಬರೆದಳು. ಆ ಕಾಗದ ಉಳಿದಿಲ್ಲ, 1778ರ ಮಾರ್ಚ್‌ನಲ್ಲಿ ರಿಚರ್ಡ್ ಹೆನ್ರಿ ಬರೆದ ಉತ್ತರ ಉಳಿದಿದೆ. ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ ಎಂದು ಹೋರಾಡುತ್ತಿದ್ದವನ ಮನೆಯೊಳಗಿನಿಂದಲೇ ಆ ಪ್ರಶ್ನೆ ಎದ್ದಿತ್ತು.

ಮಕ್ಕಳ ಕೋಣೆಯ ಒಲೆಯ ಹಿಂಬದಿಗೆ ಎರಕದ ಕಬ್ಬಿಣದ ತಗಡಿದೆ. ಅದರಲ್ಲಿ ರೆಕ್ಕೆಯ ಎರಡು ಪುಟ್ಟ ದೇವದೂತರ ಮುಖಗಳು ಮೂಡಿವೆ, ಮಸಿ ಹಿಡಿದು ಕಪ್ಪಾಗಿವೆ. ನಾಲ್ಕು ವರ್ಷದ ರಾಬರ್ಟ್ ಈ ಮನೆ ಬಿಡುವ ದಿನ ಆ ದೇವದೂತರಿಗೆ ಹೋಗಿಬರುತ್ತೇನೆ ಎಂದು ಹೇಳಿಬಂದನೆಂಬ ಕಥೆ ಕುಟುಂಬದಲ್ಲಿ ಉಳಿದಿದೆ. ಮನೆ ಬಿಡಬೇಕಾಗಿ ಬಂದದ್ದು ಅಪ್ಪನ ಸಾಲದಿಂದ. ಲೈಟ್ ಹಾರ್ಸ್ ಹ್ಯಾರಿ ಎಂದೇ ಹೆಸರಾದ ಹೆನ್ರಿ ಲೀ ಸ್ವಾತಂತ್ರ್ಯ ಯುದ್ಧದ ಕುದುರೆದಳದ ವೀರ, ಆಮೇಲೆ ವರ್ಜೀನಿಯಾದ ಗವರ್ನರ್. ಫಿಲಿಪ್‌ನ ಮಗಳು ಮಟಿಲ್ಡಾಳನ್ನು ಮದುವೆಯಾಗಿ ಸ್ಟ್ರಾಟ್‌ಫರ್ಡ್‌ಗೆ ಬಂದ. ಅವಳು ಸತ್ತ ಮೇಲೆ ಕಾರ್ಟರ್ ಮನೆತನದ ಆನ್ ಹಿಲ್‌ಳನ್ನು ಕೈಹಿಡಿದ. ಭೂಮಿಯ ಮೇಲೆ ಸಟ್ಟಾ ಕಟ್ಟಿ ಮುಳುಗಿದ ಅವನು 1809ರಲ್ಲಿ ಸಾಲಗಾರರ ಜೈಲಿಗೆ ಹೋದ, ಅಲ್ಲಿಯೇ ಯುದ್ಧದ ನೆನಪುಗಳನ್ನು ಬರೆದ. ಅವನ ಮೊದಲ ಹೆಂಡತಿಯ ಮಗ ಇನ್ನೊಬ್ಬ ಹೆನ್ರಿ, ತನ್ನ ಆರೈಕೆಯಲ್ಲಿದ್ದ ನಾದಿನಿ ಬೆಟ್ಸಿ ಮೆಕಾರ್ಟಿಯ ಬಾಳು ಕೆಡಿಸಿ, ಅವಳ ಆಸ್ತಿಯನ್ನೂ ಕರಗಿಸಿ, 1822ರಲ್ಲಿ ಈ ಮನೆಯನ್ನು ಮಾರಬೇಕಾಯಿತು. ಕೆಲವು ವರ್ಷಗಳ ನಂತರ ಬೆಟ್ಸಿಯ ಗಂಡ ಹೆನ್ರಿ ಸ್ಟಾರ್ಕ್ ಈ ಮನೆಯನ್ನು ಕೊಂಡ. ಹಾಗೆ ಅವಳು ಮನೆಯೊಡತಿಯಾಗಿ ಮರಳಿ ಬಂದು 1879ರಲ್ಲಿ ಸಾಯುವವರೆಗೆ ಇಲ್ಲಿಯೇ ಬಾಳಿದಳು. ಲೀ ಗಂಡಸರ್ಯಾರೂ ಇಷ್ಟು ದೀರ್ಘಕಾಲ ಈ ಮನೆಯನ್ನು ಹಿಡಿದುಕೊಂಡಿರಲಿಲ್ಲ.

ಹೊರಗೆ ಅಡುಗೆಮನೆ, ಕುದುರೆಲಾಯ, ಮತ್ತೆ ಕಟ್ಟಿ ನಿಲ್ಲಿಸಿದ ಗುಲಾಮರ ಬಿಡಾರಗಳಿವೆ. ಆಮೇಲೆ ನದಿಯ ಕಡೆಯ ಎತ್ತರದ ದಿಬ್ಬಗಳಿಗೆ ಹೋದೆವು. ಕೋಟ್ಯಂತರ ವರ್ಷ ಹಿಂದಿನ ಸಮುದ್ರತಳದ ಪದರಗಳು ಅಲ್ಲಿ ಬಯಲಾಗಿವೆ, ಕೆಳಗಿನ ಮರಳಿನಲ್ಲಿ ಶಾರ್ಕ್ ಹಲ್ಲುಗಳು ಸಿಗುತ್ತವೆ. ರಾತ್ರಿ ಮಾಂಟ್ರಾಸ್ ಊರಿನಲ್ಲಿ ತಂಗಿದೆವು. ಈ ಸಣ್ಣ ಊರು ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯ ಕೇಂದ್ರ. 1765ರಲ್ಲಿ ಕಾಗದಪತ್ರಗಳ ಮೇಲೆ ಬ್ರಿಟನ್ ಹೇರಿದ ಸ್ಟಾಂಪ್ ತೆರಿಗೆಯ ವಿರುದ್ಧ ರಿಚರ್ಡ್ ಹೆನ್ರಿ ಇಲ್ಲಿನ ನ್ಯಾಯಾಲಯದ ಮುಂದೆ ಪ್ರತಿಕೃತಿಗಳ ಮೆರವಣಿಗೆ ಮಾಡಿಸಿದ್ದ. ಮೆರವಣಿಗೆಯಲ್ಲಿ ನಡೆದವರು ಅವನ ಗುಲಾಮರು. ಸ್ವಾತಂತ್ರ್ಯದ ಮೆರವಣಿಗೆಗೂ ಒಡೆಯನ ಅಪ್ಪಣೆಯ ಮೇಲೆ ನಡೆದವರ ಮನಸ್ಸಿನಲ್ಲಿ ಆ ದಿನ ಏನಿತ್ತು ಎಂದು ಬರೆದಿಟ್ಟವರಿಲ್ಲ.

ಶನಿವಾರ: ಬರ್ನ್ಟ್ ಹೌಸ್ ಫೀಲ್ಡ್, ನೊಮಿನಿ, ಮೆನೋಕಿನ್

ಹೇಗ್ ಎಂಬ ಹಳ್ಳಿಯ ಹತ್ತಿರ ಹೊಲದ ನಡುವೆ ಇಟ್ಟಿಗೆ ಗೋಡೆಯ ಸಣ್ಣ ಆವರಣ. ಲೀ ಮನೆತನದ ಹಳೆಯ ಸಮಾಧಿಗಳು ಇಲ್ಲಿವೆ. ಸ್ಟ್ರಾಟ್‌ಫರ್ಡ್‌ಗೆ ಮುಂಚೆ ಥಾಮಸ್ ಲೀ ವಾಸವಿದ್ದ ಮನೆ ಇದೇ ಜಾಗದಲ್ಲಿತ್ತು. 1729ರಲ್ಲಿ ಶಿಕ್ಷೆಯಾಗಿ ಇಂಗ್ಲೆಂಡಿನಿಂದ ಸಾಗಿಸಲ್ಪಟ್ಟಿದ್ದ ಆಳುಗಳು ಅದಕ್ಕೆ ಬೆಂಕಿಯಿಟ್ಟರು. ಆಮೇಲೆ ಜನ ಇದನ್ನು ಸುಟ್ಟ ಮನೆಯ ಹೊಲ ಎಂದೇ ಕರೆದರು. ಥಾಮಸ್ ತನ್ನ ಉಯಿಲಿನಲ್ಲಿ, ಹೆಂಡತಿಯ ಮತ್ತು ತಾಯಿಯ ನಡುವೆ ತನ್ನನ್ನು ಮಣ್ಣು ಮಾಡಬೇಕು, ಹೆಂಡತಿಯ ಕಡೆಯ ಇಟ್ಟಿಗೆಗಳನ್ನು ಸರಿಸಿ ಆದಷ್ಟೂ ಅವಳ ಹತ್ತಿರ ಪೆಟ್ಟಿಗೆ ಇಡಬೇಕು, ತಾಯಿಯ ಗೋರಿಗೆ ಮಾತ್ರ ತೊಂದರೆಯಾಗಬಾರದು ಎಂದು ಬರೆಸಿದ್ದ. ಸಾವಿರಾರು ಎಕರೆಯ ಲೆಕ್ಕ ಇಟ್ಟವನು ಕೊನೆಗೆ ಇಟ್ಟಿಗೆಯ ಅಗಲವನ್ನೂ ಲೆಕ್ಕ ಹಾಕಿದ್ದು ಮನಸ್ಸಿಗೆ ನಾಟಿತು. ಮಗ ರಿಚರ್ಡ್ ಹೆನ್ರಿಯೂ 1794ರಿಂದ ಇಲ್ಲಿಯೇ ಇದ್ದಾನೆ.

ಅವನ ಸಮಾಧಿಯ ಮುಂದೆ ನನಗೆ 1759ರ ಭಾಷಣ ನೆನಪಾಯಿತು. ವಿಲಿಯಂಸ್‌ಬರ್ಗ್‌ನ ಶಾಸನಸಭೆಯಲ್ಲಿ ಅವನ ಮೊದಲ ದೊಡ್ಡ ಮಾತು ಗುಲಾಮರ ಆಮದಿನ ವಿರುದ್ಧ ಇತ್ತು. ಹೊರಗಿನಿಂದ ತರುವ ಗುಲಾಮರ ಮೇಲೆ ಭಾರಿ ಸುಂಕ ಹಾಕಿ ಆ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಾದಿಸಿದ. ತನ್ನ ಮನೆಯ ಗುಲಾಮರನ್ನು ಬಿಡುಗಡೆ ಮಾಡಲಿಲ್ಲ. "ಆ ಕಾಲದಲ್ಲಿ ಹಾಗೆಯೇ ಇತ್ತು ಅಲ್ಲವೇ ದೊಡ್ಡಮ್ಮ? ಒಬ್ಬನೇ ಏನು ಮಾಡಲು ಸಾಧ್ಯವಿತ್ತು?" ಎಂದು ಮಗಳು ಕೇಳಿದಳು. ಉತ್ತರ ಕೆಲವೇ ಮೈಲಿ ದೂರದಲ್ಲಿತ್ತು.

ನೊಮಿನಿ ಹಾಲ್ ಇದ್ದ ಜಾಗ ಅದು. ಮೂಲ ಮನೆ 1850ರಲ್ಲಿ ಸುಟ್ಟುಹೋಗಿದೆ, ಈಗಿರುವುದು ಖಾಸಗಿ ಮನೆ. ರಸ್ತೆಬದಿಯಲ್ಲಿ ಒಂದು ಫಲಕವಿದೆ. ಇಲ್ಲಿದ್ದವನು ಮೂರನೆಯ ರಾಬರ್ಟ್ ಕಾರ್ಟರ್. ವರ್ಜೀನಿಯಾದ ಭಾರಿ ಸಿರಿವಂತರಲ್ಲಿ ಒಬ್ಬ, ಗವರ್ನರ್‌ನ ಸಲಹಾಮಂಡಳಿಯ ಸದಸ್ಯ. ಲೀಗಳಿಗೂ ಕಾರ್ಟರ್‌ಗಳಿಗೂ ಹೋಗುಬರುವಿಕೆ ಇತ್ತು. ಈ ಮನೆಯ ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಫಿಲಿಪ್ ವಿಕರ್ಸ್ ಫಿಥಿಯನ್ 1773-74ರಲ್ಲಿ ಬರೆದ ದಿನಚರಿಯಲ್ಲಿ ಲೀಗಳ ಮನೆಯ ನೃತ್ಯಕೂಟದ ವರ್ಣನೆಯಿದೆ.

ಕಾರ್ಟರ್ 1778ರಲ್ಲಿ ಬ್ಯಾಪ್ಟಿಸ್ಟ್ ಆದ. ಆ ಸಭೆಗಳಲ್ಲಿ ಗುಲಾಮರು ಮತ್ತು ಒಡೆಯರು ಒಂದೇ ಕಡೆ ಪ್ರಾರ್ಥನೆಗೆ ಸೇರುತ್ತಿದ್ದರು. 1782ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿ ಒಡೆಯರು ಬಯಸಿದರೆ ಗುಲಾಮರನ್ನು ಬಿಡುಗಡೆ ಮಾಡಬಹುದು ಎಂದಿತು. ಬಹಳಷ್ಟು ಜನ ಆ ಕಾನೂನಿನ ಕಡೆ ತಿರುಗಿಯೂ ನೋಡಲಿಲ್ಲ. ಕಾರ್ಟರ್ ತನ್ನ ಹೊಲಗಳಿಗೆಲ್ಲ ಹೋಗಿ ಒಬ್ಬೊಬ್ಬರ ಹೆಸರು, ವಯಸ್ಸು, ಇರುವ ಜಾಗ ಬರೆಸಿ, 1791ರ ಸೆಪ್ಟೆಂಬರ್ 5ರಂದು ಬಿಡುಗಡೆಯ ಪತ್ರವನ್ನು ನ್ಯಾಯಾಲಯದಲ್ಲಿ ದಾಖಲಿಸಿದ. ಪಟ್ಟಿಯಲ್ಲಿ 450ಕ್ಕೂ ಹೆಚ್ಚು ಹೆಸರುಗಳಿದ್ದವು. ವರ್ಷಕ್ಕೆ ಹದಿನೈದು ಜನರಂತೆ ಹಿರಿಯರಿಂದ ಆರಂಭ, ಮಕ್ಕಳಿಗೆ ಪ್ರಾಯ ಬಂದಾಗ ಬಿಡುಗಡೆ. ಹಂತಹಂತವಾಗಿ ಮಾಡಿದ್ದಕ್ಕೆ ಕಾನೂನೂ ಒಂದು ಕಾರಣ. ಅಪ್ರಾಪ್ತರನ್ನೂ 45 ದಾಟಿದವರನ್ನೂ ಬಿಟ್ಟರೆ ಅವರ ಹೊಟ್ಟೆಬಟ್ಟೆಯ ಹೊಣೆ ಒಡೆಯನದೇ ಆಗುತ್ತಿತ್ತು. ಬಿಡುಗಡೆಯಾದ ಕೆಲವರಿಗೆ ಅವನು ತನ್ನ ಭೂಮಿಯನ್ನೇ ಗೇಣಿಗೆ ಕೊಟ್ಟ. ನೆರೆಯವರು ಸಿಟ್ಟಾದರು, ಮನೆಯವರೇ ಅಡ್ಡಬಂದರು. 1793ರಲ್ಲಿ ಅವನು ಬಾಲ್ಟಿಮೋರ್‌ಗೆ ಹೋಗಿಬಿಟ್ಟ. ಕೆಲಸ ನಿಲ್ಲದಂತೆ ಬೆಂಜಮಿನ್ ಡಾಸನ್ ಎಂಬ ಬ್ಯಾಪ್ಟಿಸ್ಟ್ ಬೋಧಕನಿಗೆ ಅಧಿಕಾರಪತ್ರ ಬರೆದುಕೊಟ್ಟಿದ್ದ. 1804ರಲ್ಲಿ ತೀರಿಕೊಂಡ. ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕದಲ್ಲಿ ಒಬ್ಬ ವ್ಯಕ್ತಿ ಮಾಡಿದ ಬಿಡುಗಡೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಫಲಕದ ಮುಂದೆ ನಿಂತು ಮಗಳಿಗೆ ಇಷ್ಟನ್ನೂ ಹೇಳಿದೆ. ವಾಷಿಂಗ್ಟನ್, ಜೆಫರ್ಸನ್, ಲೀ ಇವರೆಲ್ಲ ಇದೇ ಕಾನೂನಿನ ಅಡಿಯಲ್ಲಿ ಬದುಕಿದವರು. ಕಾರ್ಟರ್‌ಗೆ ಸಾಧ್ಯವಾದದ್ದು ಅವರಿಗೂ ಸಾಧ್ಯವಿತ್ತು. ಕಾಲದ ಮೇಲೆ ಭಾರ ಹಾಕಿ ಯಾರನ್ನಾದರೂ ಬಿಡಿಸಿಕೊಳ್ಳುವ ಮುನ್ನ ಅವರ ಪಕ್ಕದ ಹೊಲದವನು ಏನು ಮಾಡಿದ ಎಂದು ನಾವು ಕೇಳಬೇಕು. ಮಕ್ಕಳಿಗೆ ಇತಿಹಾಸ ಹೇಳುವವರು ಈ ಹೆಸರನ್ನು ಬಿಟ್ಟುಬಿಟ್ಟಿರುವುದು ನನಗೆ ನೋವಿನ ವಿಷಯ. ಅಲ್ಲಿಗೆ ಬಂದು ನಿಂತವರು ನಾವಿಬ್ಬರೇ, ನಮ್ಮ ಹಿಂದೆ ಇನ್ನೊಂದು ಕಾರು ಬರಲಿಲ್ಲ.

ಸಂಜೆ ವಾರ್ಸಾ ಬಳಿಯ ಮೆನೋಕಿನ್‌ಗೆ ಹೋದೆವು. ಫ್ರಾನ್ಸಿಸ್ ಲೈಟ್‌ಫುಟ್ ಲೀ ಮತ್ತು ರೆಬೆಕ್ಕಾ ಟೇಲೋ ಮದುವೆಯಾದಾಗ ಮಾವ ಕಟ್ಟಿಸಿಕೊಟ್ಟ ಮನೆ ಇದು, 1769ರ ಸುಮಾರಿನದು. ಮಕ್ಕಳಿರಲಿಲ್ಲ. 1797ರ ಜನವರಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಗಂಡಹೆಂಡತಿ ಇಬ್ಬರೂ ತೀರಿಕೊಂಡರು. ಮನೆ 20ನೇ ಶತಮಾನದಲ್ಲಿ ಕುಸಿಯಿತು. ಉಳಿಸಿಕೊಂಡವರು ಅದನ್ನು ಹೊಸದರಂತೆ ಕಟ್ಟದೆ, ಬಿದ್ದ ಗೋಡೆಗಳ ಜಾಗವನ್ನು ಗಾಜಿನಿಂದ ತುಂಬುವ ದಾರಿ ಹಿಡಿದಿದ್ದಾರೆ. ಅರ್ಧ ಕಂದುಕಲ್ಲು, ಅರ್ಧ ಗಾಜು. ಗೋಡೆಯೊಳಗೆ ಕಲ್ಲನ್ನು ಹೇಗೆ ಜೋಡಿಸಿದ್ದರು, ತೊಲೆಯನ್ನು ಎಲ್ಲಿ ಸಿಕ್ಕಿಸಿದ್ದರು ಎಂಬುದು ಕಣ್ಣಿಗೆ ಕಾಣುತ್ತದೆ. ಕಟ್ಟಿದವರ ಕೈಕೆಲಸವನ್ನು ಬಣ್ಣ ಬಳಿದು ಮುಚ್ಚದೆ ತೋರಿಸುವ ಈ ರೀತಿ ನನಗೆ ಸ್ಟ್ರಾಟ್‌ಫರ್ಡ್‌ನ ಅಂದಕ್ಕಿಂತ ಹೆಚ್ಚು ಮೆಚ್ಚುಗೆಯಾಯಿತು.

ಭಾನುವಾರ: ಕ್ರೈಸ್ಟ್ ಚರ್ಚ್, ಯಾರ್ಕ್‌ಟೌನ್

ಇರ್ವಿಂಗ್‌ಟನ್ ಹತ್ತಿರದ ಕ್ರೈಸ್ಟ್ ಚರ್ಚ್ ಕಾರ್ಟರ್ ಮನೆತನದ ಹಿರಿಯ ರಾಬರ್ಟ್ ಕಾರ್ಟರ್ ಕಟ್ಟಿಸಿದ್ದು. ನೊಮಿನಿಯ ಕಾರ್ಟರ್‌ನ ಅಜ್ಜ ಇವನು. ಜನ ಇವನನ್ನು ಕಿಂಗ್ ಎಂದೇ ಕರೆಯುತ್ತಿದ್ದರು. ಥಾಮಸ್ ಲೀಯಂತೆ ಇವನೂ ಫೇರ್‌ಫ್ಯಾಕ್ಸ್‌ಗಳ ಏಜೆಂಟ್. 1732ರಲ್ಲಿ ಸಾಯುವಾಗ ಸುಮಾರು 3 ಲಕ್ಷ ಎಕರೆಯ ಒಡೆಯ. ಶಿಲುಬೆಯಾಕಾರದ ಇಟ್ಟಿಗೆಯ ಚರ್ಚು 1735ರಲ್ಲಿ ಮುಗಿಯಿತು. ಎದೆಮಟ್ಟದ ಮರದ ಗೋಡೆಗಳಿರುವ ಆಸನಗಳು, ಮೂರು ಅಂತಸ್ತಿನ ಬೋಧನಾ ಪೀಠ, ಎಲ್ಲವೂ ಹಾಗೆಯೇ ಇವೆ. ಬಹಳ ಚೆಲುವಾದ ಕಟ್ಟಡ. ಇದೇ ಲ್ಯಾಂಕಾಸ್ಟರ್ ಕೌಂಟಿಯ ನ್ಯಾಯಾಲಯದಿಂದ ಕಾರ್ಟರ್ 1708ರಲ್ಲಿ ಒಂದು ಆದೇಶ ಪಡೆದಿದ್ದ. ತಪ್ಪಿಸಿಕೊಳ್ಳಲು ಯತ್ನಿಸುತ್ತಿದ್ದ ಬಂಬಾರಾ ಹ್ಯಾರಿ ಮತ್ತು ಡೈನಾ ಎಂಬ ಇಬ್ಬರ ಕಾಲ್ಬೆರಳುಗಳನ್ನು ಕತ್ತರಿಸಲು ಅನುಮತಿ ಕೊಟ್ಟ ಆದೇಶ ಅದು. ಅಜ್ಜ ಬೆರಳು ಕತ್ತರಿಸಲು ನ್ಯಾಯಾಲಯದ ಮೆಟ್ಟಿಲೇರಿದ, ಮೊಮ್ಮಗ ಬಿಡುಗಡೆ ಬರೆಸಲು ಏರಿದ. ನಡುವೆ 83 ವರ್ಷ. ರಾಬರ್ಟ್ ಇ. ಲೀಯ ತಾಯಿ ಆನ್ ಹಿಲ್ ಕಾರ್ಟರ್ ಕೂಡ ಈ ಕಿಂಗ್ ಕಾರ್ಟರ್‌ನ ಮರಿಮಗಳು. ಅವಳ ತಂದೆ ಮತ್ತು ನೊಮಿನಿಯ ಕಾರ್ಟರ್ ಅಣ್ಣತಮ್ಮಂದಿರ ಮಕ್ಕಳು. ಬಿಡುಗಡೆಯ ದಾರಿ ರಾಬರ್ಟ್ ಲೀಗೆ ಹೊರಗಿನಿಂದ ಕಲಿಯಬೇಕಾದದ್ದಾಗಿರಲಿಲ್ಲ, ತಾಯಿಯ ತವರಿನಲ್ಲಿಯೇ ಇತ್ತು.

ರಾಪಹ್ಯಾನಕ್ ಸೇತುವೆ ದಾಟಿ ದಕ್ಷಿಣಕ್ಕೆ ಇಳಿದು ಯಾರ್ಕ್‌ಟೌನ್ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಮುಗಿಯುತ್ತಿತ್ತು. 1781ರ ಅಕ್ಟೋಬರ್ 19ರಂದು ಇಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೇನೆ ಅಮೆರಿಕನ್ನರಿಗೆ ಶರಣಾಯಿತು. ಅವನು ಅನಾರೋಗ್ಯವೆಂದು ಹೇಳಿ ಬರದೆ ತನ್ನ ಕೆಳಗಿನ ಅಧಿಕಾರಿ ಓಹಾರನ ಕೈಯಲ್ಲಿ ಕತ್ತಿ ಕಳುಹಿಸಿದ. ಲೈಟ್ ಹಾರ್ಸ್ ಹ್ಯಾರಿ ಆ ದಿನ ಇಲ್ಲಿದ್ದು ಕಂಡದ್ದನ್ನು ಬರೆದಿದ್ದಾನೆ. ಇದೇ ಕಾರ್ನ್‌ವಾಲಿಸ್ ಹತ್ತು ವರ್ಷದೊಳಗೆ ಗವರ್ನರ್ ಜನರಲ್ ಆಗಿ 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಕಸಿದುಕೊಂಡ. ಮೈಸೂರಿನ ಯುದ್ಧದ ಸುದ್ದಿಗೆ ಅಮೆರಿಕನ್ನರು ಆಗಲೇ ಕಿವಿಗೊಟ್ಟಿದ್ದರು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿಗೆ ಹೈದರ್ ಅಲಿಯ ಹೆಸರಿತ್ತು. ಇದನ್ನು ಕೇಳಿ ಮಗಳಿಗೆ ಬಹಳ ಸಂತೋಷವಾಯಿತು.

ಸೋಮವಾರ: ಅರ್ಲಿಂಗ್ಟನ್

ಅರ್ಲಿಂಗ್ಟನ್ ಹೌಸ್‌ನ ದಪ್ಪ ಕಂಬಗಳ ಜಗಲಿಯಿಂದ ನೋಡಿದರೆ ಪೊಟೋಮ್ಯಾಕ್, ಸೇತುವೆ, ಅದರ ತುದಿಗೆ ಲಿಂಕನ್ ಸ್ಮಾರಕ. ಮನೆ ಕಟ್ಟಿಸಿದವನು ಜಾರ್ಜ್ ವಾಷಿಂಗ್ಟನ್‌ನ ಹೆಂಡತಿಯ ಮೊಮ್ಮಗ, ವಾಷಿಂಗ್ಟನ್‌ನ ಮನೆಯಲ್ಲಿಯೇ ಬೆಳೆದ ಜಾರ್ಜ್ ವಾಷಿಂಗ್ಟನ್ ಪಾರ್ಕ್ ಕಸ್ಟಿಸ್. ಅವನ ಮಗಳು ಮೇರಿಯನ್ನು ರಾಬರ್ಟ್ ಲೀ 1831ರಲ್ಲಿ ಇಲ್ಲಿಯೇ ಮದುವೆಯಾದ. 1857ರಲ್ಲಿ ಕಸ್ಟಿಸ್ ಸತ್ತಾಗ ತನ್ನ ಎಸ್ಟೇಟುಗಳ ಸುಮಾರು 200 ಗುಲಾಮರನ್ನು ಐದು ವರ್ಷದೊಳಗೆ ಬಿಡುಗಡೆ ಮಾಡಬೇಕೆಂದು ಉಯಿಲು ಬರೆದಿದ್ದ. ಅದನ್ನು ನಡೆಸುವ ಹೊಣೆ ಅಳಿಯ ಲೀಯದು. ತಾವು ಕೂಡಲೇ ಸ್ವತಂತ್ರರೆಂದು ಜನ ನಂಬಿದ್ದರು. ಲೀ ಅವಧಿ ಮುಗಿಯುವವರೆಗೆ ದುಡಿಸಿಕೊಂಡ. 1859ರಲ್ಲಿ ವೆಸ್ಲಿ ನಾರಿಸ್, ಅವನ ತಂಗಿ ಮತ್ತು ಒಬ್ಬ ನೆಂಟ ಓಡಿಹೋಗಿ ಸಿಕ್ಕಿಬಿದ್ದರು. ಲೀಯ ಅಪ್ಪಣೆಯ ಮೇಲೆ ತಮಗೆ ಚಾಟಿಯೇಟು ಕೊಟ್ಟು, ಗಾಯಗಳಿಗೆ ಉಪ್ಪುನೀರು ಸುರಿದರೆಂದು ನಾರಿಸ್ 1866ರಲ್ಲಿ ಹೇಳಿಕೆ ಕೊಟ್ಟ. ಬಿಡುಗಡೆಯ ಪತ್ರಕ್ಕೆ ಲೀ ಸಹಿ ಹಾಕಿದ್ದು 1862ರ ಡಿಸೆಂಬರ್ 29ರಂದು. ಆ ಹೊತ್ತಿಗೆ ಅವನು ದಕ್ಷಿಣದ ಸೇನಾಪತಿ.

1861ರ ಏಪ್ರಿಲ್‌ನಲ್ಲಿ ಅವನು ಅಮೆರಿಕದ ಸೇನೆಗೆ ರಾಜೀನಾಮೆ ಬರೆದ ಕೋಣೆಯನ್ನು ನೋಡಲು ಜನ ಸಾಲುಗಟ್ಟಿದ್ದರು. ನಾವು ಹಿಂಬದಿಯ ಬಿಡಾರಗಳಿಗೆ ಹೋದೆವು. ಆ ಮನೆಯ ದಾಸಿ ಸೆಲಿನಾ ಗ್ರೇ ಇದ್ದ ಕೋಣೆ ಅಲ್ಲಿದೆ. ಲೀ ಕುಟುಂಬ ಮನೆ ಬಿಟ್ಟಾಗ ಬೀಗದ ಕೈ ಅವಳ ಕೈಗೆ ಬಂತು. ಅಲ್ಲಿದ್ದ ಜಾರ್ಜ್ ವಾಷಿಂಗ್ಟನ್‌ನ ವಸ್ತುಗಳನ್ನು ಉತ್ತರದ ಸೈನಿಕರು ಕದಿಯುತ್ತಿರುವುದನ್ನು ಕಂಡು ಅವಳು ಅವರ ಸೇನಾಧಿಕಾರಿಗೇ ದೂರು ಕೊಟ್ಟು ಉಳಿದವನ್ನು ಕಾಪಾಡಿದಳು.

1864ರಲ್ಲಿ ಈ ಎಸ್ಟೇಟು ಸೈನಿಕರ ಸ್ಮಶಾನವಾಯಿತು. ಉತ್ತರದ ಅಂಚಿನ 27ನೇ ವಿಭಾಗಕ್ಕೆ ನಡೆದುಹೋದೆವು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಈ ಸೀಮೆಯಲ್ಲಿ ಸತ್ತ ಸುಮಾರು 3,800 ಜನರ ಗೋರಿಗಳಿವೆ. ಬಿಳಿಯ ಕಲ್ಲಿನ ಮೇಲೆ ಹೆಸರು, ಅದರ ಕೆಳಗೆ "ಪ್ರಜೆ" ಎಂಬ ಅರ್ಥದ ಒಂದು ಪದ. ಕೆಲವು ಕಲ್ಲುಗಳಲ್ಲಿ ಒಂದೇ ಹೆಸರು, ಮನೆತನದ ಹೆಸರಿಲ್ಲ.

ಲೀಯ ಹಿರಿಯ ಮಗ ಸರ್ಕಾರದ ಮೇಲೆ ಮೊಕದ್ದಮೆ ಹೂಡಿ 1882ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ, ಮರುವರ್ಷ 1,50,000 ಡಾಲರ್‌ಗೆ ಎಸ್ಟೇಟನ್ನು ಸರ್ಕಾರಕ್ಕೇ ಮಾರಿದ. ಅವನಿಗಿಂತ ಮುಂಚೆ ಇದೇ ನೆಲದ ಹಕ್ಕಿಗಾಗಿ ಹೋರಾಡಿದವಳು ಮರಿಯಾ ಸೈಫ್ಯಾಕ್ಸ್. ಅವಳು ಕಸ್ಟಿಸ್‌ಗೆ ಒಬ್ಬ ದಾಸಿಯಲ್ಲಿ ಹುಟ್ಟಿದ ಮಗಳು, ಎಂದರೆ ರಾಬರ್ಟ್ ಲೀಯ ಹೆಂಡತಿಗೆ ಅಕ್ಕನೇ ಆಗಬೇಕು. ಕಸ್ಟಿಸ್ ಅವಳಿಗೆ 17 ಎಕರೆ ಕೊಟ್ಟಿದ್ದ, ಕಾಗದ ಮಾಡಿಕೊಟ್ಟಿರಲಿಲ್ಲ. ಯುದ್ಧದಲ್ಲಿ ಅದೂ ಸರ್ಕಾರದ ಪಾಲಾದಾಗ ಮಗ ವಿಲಿಯಂ ಓಡಾಡಿದ. 1866ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನು ಮಾಡಿ ಆ ಜಮೀನನ್ನು ಅವಳಿಗೆ ಮರಳಿಸಿತು. ವಿಲಿಯಂ ಸೈಫ್ಯಾಕ್ಸ್ ಮುಂದೆ ವಾಷಿಂಗ್ಟನ್‌ನ ಕಪ್ಪು ಮಕ್ಕಳ ಶಾಲೆಗಳ ಆಡಳಿತ ಮಂಡಳಿಯ ಮುಖ್ಯಸ್ಥನಾದ. 1870ರಲ್ಲಿ ಅವರಿಗಾಗಿ ಮೊದಲ ಪ್ರೌಢಶಾಲೆ ಶುರುವಾಗಲು ದುಡಿದ. ಆ ಶಾಲೆ ಈಗಲೂ ನಡೆಯುತ್ತಿದೆ, ಡನ್‌ಬಾರ್ ಹೈಸ್ಕೂಲ್ ಎಂದು ಹೆಸರು. ಅದು ಇಲ್ಲಿಂದ ಎಷ್ಟು ದೂರ ಎಂದು ಕೇಳಿದೆ. ಮಗಳು ಮೊಬೈಲ್‌ನಲ್ಲಿ ದಾರಿ ಹುಡುಕಿ, ಶಾಲೆ ಬಿಡುವ ಹೊತ್ತಿಗೆ ತಲುಪಬಹುದು ಎಂದಳು. ಸೇತುವೆ ದಾಟಿ ಆ ಕಡೆಗೇ ಹೊರಟೆವು.